ಯಾವ ಕಾರಂತರು, ಮಾರಾಯ್ರೆ?

ಪುತ್ತೂರಿನಿಂದ ಸುಳ್ಯಕ್ಕೆ ಹೊರಟ ಸಂಜೆಯ ಬಸ್ಸು. ಸೀಟು ಸಿಕ್ಕಿದವರು ಕೂತಿದ್ದಾರೆ, ಸಿಗದವರು ಕಂಬಿ ಹಿಡಿದು ನೇತಾಡುತ್ತಿದ್ದಾರೆ. ಕುಂಬ್ರ ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಚರ್ಚೆ ಶುರುವಾಯಿತು.

"ಚೋಮನ ದುಡಿ ಮಾಡಿದ್ದು ನಮ್ಮ ಕಾರಂತರೇ ಅಲ್ವಾ?"

"ಮತ್ತೆ? ಬಾಲವನದ ಕಾರಂತಜ್ಜ."

"ಅಲ್ಲ ಮಾರಾಯ್ರೆ, ಅದು ನಾಟಕದ ಕಾರಂತರು. ಮಂಚಿಯವರು."

"ಓ, ಆ ಹುಲಿ ಲೆಕ್ಕ ಮಾಡುವವರಾ?"

"ಅವರು ಬೇರೆ! ನಿಮಗೆ ಎಂತ ಗೊತ್ತುಂಟು?"

ಜಾಲ್ಸೂರು ಬಂದರೂ ಪಂಚಾತಿಕೆ ಮುಗಿಯಲಿಲ್ಲ. ಕಂಡಕ್ಟರಿಗೂ ತೀರ್ಪು ಕೊಡುವ ಧೈರ್ಯ ಬರಲಿಲ್ಲ. ಆ ನಾಲ್ಕೂ ಜನರ ಬಾಯಲ್ಲಿ ಚೂರುಚೂರು ನಿಜ ಇತ್ತು, ಆದರೆ ಜೋಡಿಸುವವರು ಯಾರೂ ಇರಲಿಲ್ಲ. ಇಲ್ಲಿ ಜೋಡಿಸಿ ನೋಡೋಣ.

ಮೊದಲನೆಯವರು ಕೋಟ ಶಿವರಾಮ ಕಾರಂತರು. ಹುಟ್ಟಿದ್ದು ಕೋಟದಲ್ಲಿ, 1902ರಲ್ಲಿ. ಆದರೆ ಬದುಕಿನ ಸುಮಾರು ನಾಲ್ಕು ದಶಕ ಕಳೆದದ್ದು ನಮ್ಮ ಪುತ್ತೂರಿನಲ್ಲಿ. ಪರ್ಲಡ್ಕದ ಬಾಲವನದಲ್ಲಿ ಮಕ್ಕಳಿಗೆ ಆಟ, ಪಾಠ, ನಾಟಕ ಎಲ್ಲ ಮಾಡಿಸಿದರು. 'ಚೋಮನ ದುಡಿ' ಕಾದಂಬರಿ ಬರೆದದ್ದು ಇವರೇ, 1933ರಲ್ಲಿ. ಸ್ವಂತಕ್ಕೆ ಒಂದು ತುಂಡು ಗದ್ದೆ ಉಳಬೇಕು ಎಂಬ ಒಂದೇ ಆಸೆಯ ಚೋಮನಿಗೆ, ಹುಟ್ಟಿದ ಜಾತಿಯ ಕಾರಣಕ್ಕೆ ಆ ಗದ್ದೆ ಕೊನೆಗೂ ಸಿಗಲಿಲ್ಲ. ದುಡಿ ಬಡಿಯುವುದೊಂದೇ ಅವನಿಗೆ ಉಳಿಯಿತು.

ಎರಡನೆಯವರು ಬಿ. ವಿ. ಕಾರಂತರು. ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದವರು. ಹುಡುಗನಾಗಿರುವಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪೆನಿ ಸೇರಿದರು. ಅಲ್ಲಿಂದ ಕಾಶಿ, ಕಾಶಿಯಿಂದ ದಿಲ್ಲಿ. ಆಮೇಲೆ ರಾಷ್ಟ್ರೀಯ ನಾಟಕ ಶಾಲೆಗೇ ನಿರ್ದೇಶಕರಾದರು, ಭೋಪಾಲದ ರಂಗಮಂಡಲ ಕಟ್ಟಿದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಹಿಂದಿಯವರ ಬಾಯಲ್ಲಿ 'ಬಾಬಾ ಕಾರಂತ'.

ಇನ್ನು ಗೊಂದಲದ ಬೇರು ನೋಡಿ. ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು 1975ರಲ್ಲಿ ಸಿನಿಮಾ ಮಾಡಿದ್ದು ಇದೇ ಬಿ. ವಿ. ಕಾರಂತರು! ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಕಮಲ ಅದಕ್ಕೇ ಬಂತು. ಚೋಮನಾಗಿ ನಿಂತ ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ಒಂದೇ ಪೋಸ್ಟರಿನಲ್ಲಿ ಕಥೆ ಕಾರಂತ, ನಿರ್ದೇಶನ ಕಾರಂತ. ಅಪ್ಪ-ಮಗನೂ ಅಲ್ಲ, ಅಣ್ಣ-ತಮ್ಮನೂ ಅಲ್ಲ. ಬಸ್ಸಿನಲ್ಲಿ ಜಗಳ ಆಗದೆ ಏನಾದೀತು?

ಇಷ್ಟಕ್ಕೇ ನಿಂತಿದ್ದರೆ ಕಾದಂಬರಿ ಬರೆದವರೊಬ್ಬರು, ಸಿನಿಮಾದವರೊಬ್ಬರು ಎಂದು ಗೆರೆ ಎಳೆಯಬಹುದಿತ್ತು. ಅದೂ ಆಗುವುದಿಲ್ಲ. ಯಾಕೆಂದರೆ ಬಿ. ವಿ. ಕಾರಂತರು ಮಗುವಾಗಿದ್ದ ಕಾಲದಲ್ಲೇ ಶಿವರಾಮ ಕಾರಂತರು ಕೂಡಾ ಸಿನಿಮಾ ಕ್ಯಾಮೆರಾ ಹಿಡಿದು ಮೂಕಿ ಚಿತ್ರಗಳನ್ನು ಮಾಡಿದ್ದರು. ಒಂದರ ಹೆಸರು 'ಡೊಮಿಂಗೋ', ಇನ್ನೊಂದು 'ಭೂತರಾಜ್ಯ'. ಯಕ್ಷಗಾನದಲ್ಲೂ ಹಾಗೆಯೇ. ಬಯಲಾಟದ ಬಗ್ಗೆ ದೊಡ್ಡ ಗ್ರಂಥ ಬರೆದು, ಬ್ಯಾಲೆ ಮಾಡಿ ದೇಶಾಂತರ ತಿರುಗಿಸಿದ್ದು ಶಿವರಾಮ ಕಾರಂತರು. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'ಗೆ ಯಕ್ಷಗಾನದ ಹೆಜ್ಜೆ ಹಾಕಿಸಿ 'ಬರ್ನಂ ವನ' ಎಂದು ಹಿಂದಿಯಲ್ಲಿ ಆಡಿಸಿದ್ದು ಬಿ. ವಿ. ಕಾರಂತರು. 1977ರಲ್ಲಂತೂ ಶಿವರಾಮ ಕಾರಂತರಿಗೆ 'ಮೂಕಜ್ಜಿಯ ಕನಸುಗಳು' ಕೃತಿಗೆ ಜ್ಞಾನಪೀಠ, ಬಿ. ವಿ. ಕಾರಂತರಿಗೆ ದಿಲ್ಲಿ ನಾಟಕ ಶಾಲೆಯ ಕುರ್ಚಿ. 'ಫಣಿಯಮ್ಮ' ಚಿತ್ರ ಮಾಡಿದ ಪ್ರೇಮಾ ಕಾರಂತರು ಇನ್ನೊಬ್ಬರು, ಬಿ. ವಿ. ಕಾರಂತರ ಹೆಂಡತಿ.

ಹುಲಿಯ ಕಾರಂತರು ಯಾರು ಎಂದರೆ ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಕಲಿತು ಕಾಡಿಗೆ ಹೋದ ಆಸಾಮಿ. ನಾಗರಹೊಳೆಯಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟಿ ಹುಲಿಗಳ ಫೋಟೋ ತೆಗೆದು ಲೆಕ್ಕ ಹಾಕುವ ಕ್ರಮವನ್ನು ನಮ್ಮ ದೇಶದಲ್ಲಿ ರೂಢಿಗೆ ತಂದವರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಪಟ್ಟೆ ನೋಡಿದರೆ ಇದು ಆ ಹುಲಿ, ಇದು ಈ ಹುಲಿ ಎಂದು ಹೇಳಬಹುದು. ಹೆಸರೇ ಇಲ್ಲದ ಹುಲಿಗಳನ್ನು ಬೇರೆ ಬೇರೆ ಮಾಡಿದ ಈ ಕಾರಂತರನ್ನು ಉಳಿದ ಕಾರಂತರಿಂದ ಬೇರೆ ಮಾಡಲಿಕ್ಕೆ ನಮಗೆ ಜಾಲ್ಸೂರು ತನಕ ಆಗಲಿಲ್ಲ ನೋಡಿ!

ಕಾರಂತ ಎಂಬುದು ಅಡ್ಡಹೆಸರಾಯಿತು. ಹೆಸರೂ ಅಡ್ಡಹೆಸರೂ ಎರಡೂ ಒಂದೇ ಆದರೆ? ಅದೂ ಉಂಟು.

ವಿಟ್ಲದ ಕಡೆಯ ಕಡೆಂಗೋಡ್ಲು ಶಂಕರ ಭಟ್ಟರು ಕವಿ, ಮಂಗಳೂರಿನ 'ರಾಷ್ಟ್ರಬಂಧು' ವಾರಪತ್ರಿಕೆಯ ಸಂಪಾದಕರು. 1965ರಲ್ಲಿ ಕಾರವಾರದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಇನ್ನೊಬ್ಬರು ಡಿ. ಎನ್. ಶಂಕರ ಭಟ್ಟರು. ಕವಿತೆಗೂ ಇವರಿಗೂ ಸಂಬಂಧ ಇಲ್ಲ, ಇವರದು ಭಾಷಾಶಾಸ್ತ್ರ. ನಮ್ಮ ಜಿಲ್ಲೆಯ ಕೊರಗರು ಮನೆಯೊಳಗೆ ಆಡುವ ಭಾಷೆಯ ಬಗ್ಗೆ 1971ರಷ್ಟು ಹಿಂದೆಯೇ ಇಂಗ್ಲಿಷಿನಲ್ಲಿ ಪುಸ್ತಕ ತಂದವರು. ಕನ್ನಡಕ್ಕೆ ಸಂಸ್ಕೃತದ ವ್ಯಾಕರಣ ಬೇಡ, ಕನ್ನಡದ್ದೇ ಬೇಕು ಎಂದು ವಾದ ಹೂಡಿ ಪಂಡಿತರ ನಿದ್ದೆ ಕೆಡಿಸಿದವರು. ನಾವು ಮಾತಾಡುವಾಗ ಮಹಾಪ್ರಾಣ ಉಚ್ಚರಿಸುವುದೇ ಇಲ್ಲ, ಮತ್ತೆ ಬರೆಯುವುದು ಯಾಕೆ ಎಂಬುದು ಅವರ ಪ್ರಶ್ನೆ. ಊರಿಗೆ ಹೇಳಿ ತಾನು ಸುಮ್ಮನಿದ್ದವರಲ್ಲ, ತನ್ನ ಹೆಸರಿನ 'ಭ'ಕಾರವನ್ನೇ ತೆಗೆದು 'ಶಂಕರ ಬಟ್' ಎಂದು ಬರೆದುಕೊಂಡರು. ಒಬ್ಬ ಶಂಕರ ಭಟ್ಟ, ಒಬ್ಬ ಶಂಕರ ಬಟ್. ಒಂದು ಅಕ್ಷರದಲ್ಲಿ ಇಬ್ಬರ ದಾರಿ ಬೇರೆಯಾಯಿತು.

ನಮ್ಮ ಮೂರು ತಾಲೂಕುಗಳಲ್ಲಿ ಹೆಸರಿಗೆ ಬರಗಾಲ ಇಲ್ಲ, ಆದರೆ ಹಿರಿಯರು ಇಟ್ಟದ್ದು ಅವೇ ಹತ್ತಿಪ್ಪತ್ತು. ಶಂಕರ, ಕೃಷ್ಣ, ನಾರಾಯಣ, ವೆಂಕಟರಮಣ. ಸುಳ್ಯದಲ್ಲಿ ಕಾಲೇಜುಗಳ ಸಾಲನ್ನೇ ಕಟ್ಟಿಸಿದ ಕುರುಂಜಿಯವರೂ ವೆಂಕಟರಮಣ ಗೌಡರೇ, ಮೇಲೆ ಹೇಳಿದ ಬಿ. ವಿ. ಕಾರಂತರ 'ವಿ' ಎಂದರೂ ವೆಂಕಟರಮಣನೇ. ಹಾಗಾಗಿ ಮನುಷ್ಯನನ್ನು ಗುರುತು ಹಿಡಿಯಲಿಕ್ಕೆ ಹಿರಿಯರು ಮನೆಯ ಹೆಸರು, ಜಾಗದ ಹೆಸರು ಮುಂದೆ ಹಾಕಿದರು. ಕುರುಂಜಿ, ಕೆದಂಬಾಡಿ, ಕಡೆಂಗೋಡ್ಲು, ಸೇಡಿಯಾಪು. ಅಡಿಕೆ ಅಂಗಡಿಯಲ್ಲಿ ಇವತ್ತಿಗೂ ಮೊದಲ ಪ್ರಶ್ನೆ ಅದೇ: "ಎಲ್ಲಿಯ ನಾರಾಯಣ ಭಟ್ರು?" ಉತ್ತರ ಬಾರದೆ ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ತೆರೆದರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ.

ಇಂಗ್ಲಿಷ್ ಶಾಲೆ, ಸರಕಾರಿ ಫಾರಮು ಬಂದ ಮೇಲೆ ಈ ಮನೆಹೆಸರು ಕುಗ್ಗಿ ಒಂದು ಅಕ್ಷರವಾಯಿತು. ಬಿ. ವಿ. ಕಾರಂತರ 'ಬಿ' ಎಂದರೆ ಬಾಬುಕೋಡಿ ಎಂದು ಎಷ್ಟು ಜನಕ್ಕೆ ಗೊತ್ತು? ಪುತ್ತೂರಿನಿಂದ ಎರಡು ಸಲ ಶಾಸಕರಾಗಿ, 2011ರಲ್ಲಿ ಮುಖ್ಯಮಂತ್ರಿಯಾದ ಮಂಡೆಕೋಲಿನ ಡಿ. ವಿ. ಸದಾನಂದ ಗೌಡರ 'ಡಿ' ಎಂದರೆ ದೇವರಗುಂಡ. ಇಂಗ್ಲಿಷಿನ ಒಂದಕ್ಷರದಲ್ಲಿ ಒಂದಿಡೀ ಮನೆ, ತೋಟ, ಗುಡ್ಡ ಹೂತುಹೋಗಿದೆ.

ಜಾಗದ ಹೆಸರೊಂದೇ ಉಳಿದರೂ ಕಷ್ಟವೇ. 'ಕುಂಬಳೆ' ಎಂದರೆ ಕ್ರಿಕೆಟಿನವರಿಗೆ ಅನಿಲ್ ಕುಂಬ್ಳೆ, 1999ರಲ್ಲಿ ದಿಲ್ಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತವರು. ತಾಳಮದ್ದಳೆಯವರಿಗೆ ಕುಂಬಳೆ ಎಂದರೆ ಸುಂದರ ರಾಯರು, ಮಾತಿನ ಪ್ರಾಸದಲ್ಲೇ ಎದುರಾಳಿಯನ್ನು ಔಟ್ ಮಾಡುತ್ತಿದ್ದ ಅರ್ಥಧಾರಿ, ಸುರತ್ಕಲ್ಲಿನ ಶಾಸಕರೂ ಆಗಿದ್ದರು. ಊರುಗಳ ಪಾಡೂ ಬೇರೆಯಲ್ಲ. ಕಡಬ ಎಂದರೆ ನಮ್ಮ ಹೊಸ ತಾಲೂಕು, ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲೂ ಒಂದು ಕಡಬ ಉಂಟು. ಬೆಂಗಳೂರಿನಲ್ಲಿ ಪುತ್ತೂರಿನವ ಎಂದು ಹೇಳಿಕೊಂಡರೆ "ಮೂಳೆ ಕಟ್ತೀರಾ?" ಎಂದು ಕೇಳುತ್ತಾರೆ. ಅದು ಆಂಧ್ರದ ಪುತ್ತೂರು ಸ್ವಾಮಿ!

ನಗೆಯ ಮಾತು ಇಲ್ಲಿಗೆ ಸಾಕು. ಇನ್ನೊಬ್ಬನ ಹೆಸರು ಹೊತ್ತು ಗಲ್ಲಿಗೆ ಹೋದವನ ಕಥೆಯೂ ಇದೇ ಮಣ್ಣಿನದು.

1834ರಲ್ಲಿ ಇಂಗ್ಲಿಷರು ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಅವನ ರಾಜ್ಯವನ್ನು ನುಂಗಿದರು. ಆಗ ಅಮರಸುಳ್ಯ, ಬೆಳ್ಳಾರೆ ಕಡೆಯ ಸೀಮೆ ಕೊಡಗಿಗೆ ಸೇರಿತ್ತು. ಅದನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಇನ್ನು ನಗದಾಗಿ ಎಣಿಸಿ ಎಂದರು. ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ಜನ ಒಳಗೊಳಗೇ ಕುದಿಯುತ್ತಿದ್ದರು. ಆ ಹೊತ್ತಿಗೆ ತಾನು ಹಾಲೇರಿ ರಾಜವಂಶದವನು ಎಂದು ಹೇಳಿಕೊಂಡ ಅಪರಂಪರ ಎಂಬವನು ಕಾಣಿಸಿಕೊಂಡು ಸೆರೆಸಿಕ್ಕಿದ. ಅದೇ ಮಾತು ಹೇಳಿಕೊಂಡು ಬಂದ ಕಲ್ಯಾಣಸ್ವಾಮಿಯೂ ಸೆರೆಸಿಕ್ಕಿದ.

ಇಬ್ಬರೂ ಜೈಲಿನಲ್ಲಿ, ಆದರೆ ದಂಗೆಗೆ ಒಂದು ರಾಜನ ಹೆಸರು ಬೇಕಲ್ಲ! ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು ಪುಟ್ಟಬಸಪ್ಪ ಎಂಬ ರೈತನಿಗೆ ವೇಷ ಹಾಕಿಸಿ, ಇವನೇ ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಲ್ಲಿಸಿದರು. 1837ರ ಮಾರ್ಚ್ ಕೊನೆಗೆ ದಂಡು ಹೊರಟಿತು. ಬೆಳ್ಳಾರೆಯ ಖಜಾನೆ ಕೈವಶವಾಯಿತು. ಪುತ್ತೂರು, ಪಾಣೆಮಂಗಳೂರು, ಬಂಟ್ವಾಳ ದಾಟಿ ಏಪ್ರಿಲ್ 5ಕ್ಕೆ ಮಂಗಳೂರು ಮುಟ್ಟಿ, ಬಾವುಟಗುಡ್ಡದಲ್ಲಿ ಇಂಗ್ಲಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು. ಹದಿಮೂರು ದಿನ ಮಂಗಳೂರು ಈ ರೈತರ ಕೈಯಲ್ಲಿತ್ತು. 1857ರ ದಂಗೆಗಿಂತ ಇಪ್ಪತ್ತು ವರ್ಷ ಮೊದಲಿನ ಮಾತು ಇದು.

ಆಮೇಲೆ ಹೊರಗಿನಿಂದ ಪಟಾಲಂ ಬಂತು. ಪುಟ್ಟಬಸಪ್ಪ ಸಿಕ್ಕಿಬಿದ್ದ. ಬಿಕರ್ನಕಟ್ಟೆಯಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಸತ್ತದ್ದು ಪುಟ್ಟಬಸಪ್ಪ, ಜನರ ಬಾಯಲ್ಲಿ ಉಳಿದದ್ದು 'ಕಲ್ಯಾಣಪ್ಪನ ಕಾಟಕಾಯಿ'. ಕಾಟಕಾಯಿ ಎಂದರೆ ಲೂಟಿ. ಹೆಸರೂ ಅವನದಲ್ಲ, ಹಿಂದೆ ಅಂಟಿಸಿದ ಮಾತೂ ನ್ಯಾಯದ್ದಲ್ಲ. 2022ರ ನವೆಂಬರಿನಲ್ಲಿ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಲ್ಲಿಸಿದರು, ಸಂತೋಷವೇ. ಮನೆಹೆಸರು ಗಟ್ಟಿಯಾಗಿದ್ದವರು ನೂರೆಂಬತ್ತೈದು ವರ್ಷ ಕಳೆದರೂ ಸಿಕ್ಕಿದರು. ಪುಟ್ಟಬಸಪ್ಪ ಯಾರು ಎಂದು ಬಸ್ಸಿನಲ್ಲಿ ಕೇಳಿ ನೋಡಿ.

ಈ ಕಥೆಯನ್ನು 'ಕಲ್ಯಾಣಸ್ವಾಮಿ' ಎಂಬ ಕಾದಂಬರಿ ಮಾಡಿದವರು ನಿರಂಜನ. ಅವರು ಹುಟ್ಟಿದ್ದು ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ, 1924ರಲ್ಲಿ. ಆಗ ಅದು ಪುತ್ತೂರು ತಾಲೂಕು, ಮತ್ತೆ ಸುಳ್ಯವಾಯಿತು, ಈಗ ಕಡಬ. ನಿರಂಜನ ಎಂಬುದು ಅವರೇ ಇಟ್ಟುಕೊಂಡ ಹೆಸರು, ಮನೆಯಲ್ಲಿ ಇಟ್ಟದ್ದು ಶಿವರಾಯ. ಕುಳ್ಕುಂದ ಶಿವರಾಯ ಎಂದೇ ಬರೆದಿದ್ದರೆ ಶಿವರಾಮ ಕಾರಂತರ ಜೊತೆ ಇನ್ನೊಂದು ಗಲಿಬಿಲಿ ಆಗುತ್ತಿತ್ತೋ ಏನೋ. ಕಯ್ಯೂರಿನ ರೈತರ ಮೇಲೆ 'ಚಿರಸ್ಮರಣೆ' ಬರೆದವರೂ ಇವರೇ, ಏಳು ಸಂಪುಟದ 'ಜ್ಞಾನಗಂಗೋತ್ರಿ'ಯ ಸಂಪಾದಕರೂ ಇವರೇ. ಬೇರೆಯವನ ಹೆಸರಿನಲ್ಲಿ ಸತ್ತವನ ಕಥೆ ಬರೆಯಲಿಕ್ಕೆ ಸ್ವಂತ ಹೆಸರು ಬಿಟ್ಟವರೇ ಬೇಕಾಯಿತು.

ಇದೆಲ್ಲ ಹಳೇ ಕಾಲದ್ದು ಎನ್ನಬೇಡಿ. ಗಡಿಯಾಚೆಯ ಮಂಜೇಶ್ವರದಲ್ಲಿ 2016ರ ವಿಧಾನಸಭಾ ಚುನಾವಣೆ ನೆನಪುಂಟಾ? ಬಿಜೆಪಿಯ ಕೆ. ಸುರೇಂದ್ರನ್ ಸೋತದ್ದು ಬರೇ 89 ಓಟಿಗೆ. ಅದೇ ಯಂತ್ರದಲ್ಲಿ ಅವರ ಹೆಸರನ್ನೇ ಹೋಲುವ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದ ಓಟು 467. ಆ 467ರಲ್ಲಿ ತಿಳಿದು ಒತ್ತಿದ್ದೆಷ್ಟು, ತಪ್ಪಿ ಒತ್ತಿದ್ದೆಷ್ಟು ಎಂದು ಯಾವ ಯಂತ್ರವೂ ಹೇಳುವುದಿಲ್ಲ. ಒಂದೇ ಹೆಸರಿನವರಿಂದ ಗೊಂದಲ ಆಗಬಾರದು ಎಂದು ಚುನಾವಣಾ ಆಯೋಗ 2015ರಿಂದಲೇ ಹೆಸರಿನ ಪಕ್ಕ ಫೋಟೋ ಅಂಟಿಸುತ್ತಿತ್ತು. ಆದರೂ ಹೀಗೆ.

ಸುಳ್ಯದಲ್ಲಿ ಬಸ್ಸು ಇಳಿದ ಮೇಲೆ ಪೇಟೆಯ ಒಂದು ಅಂಗಡಿಗೆ ಹೋದೆ. ಮಾಲಿಕರಿಗೆ ಮೊಬೈಲು ಬಂತು, ಪರದೆಯಲ್ಲಿ ಬರೇ 'ವೆಂಕಟರಮಣ' ಎಂದು ಹೆಸರು ಬಿತ್ತು. ಅವರು ಫೋನು ಕಿವಿಗಿಟ್ಟು ಮೊದಲು ಕೇಳಿದ್ದು, "ಹಲೋ, ಎಲ್ಲಿಯ ವೆಂಕಟರಮಣಣ್ಣ?"