ಸ್ನಾಯುಬಲಕ್ಕೆ ಅಡ್ಡದಾರಿ ಬೇಡ

ಕಾಡುಹಾದಿಯಲ್ಲಿ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಿಂದ ಸಾಗುವ ಭಕ್ತರಿಗೆ ದೇಹಬಲದ ಬೆಲೆಯನ್ನು ನಾವು ತಿಳಿಸಬೇಕಾಗಿಲ್ಲ. ಅದು ರಾಗಿಮುದ್ದೆ, ಹುರುಳಿಸಾರು ಹಾಗೂ ಹೊಲದ ದುಡಿಮೆಯಿಂದ ಬಂದ ಬಲ. ಇಂದು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತರುಣರು ಜಿಮ್‌ನಲ್ಲಿ ಬೆವರು ಹರಿಸಿದರೆ ಅದೂ ಸಂತೋಷದ ಸಂಗತಿಯೇ. ಆದರೆ ವರ್ಷದ ಫಲವನ್ನು ತಿಂಗಳಲ್ಲಿ ಬಯಸುವ ಆತುರಕ್ಕೆ, ಕೊರಿಯರ್‌ನಲ್ಲಿ ಮನೆಬಾಗಿಲಿಗೆ ಬರುವ ಸೀಸೆಗಳು ಕಾದಿವೆ. ಇವುಗಳ ವಿಚಾರ ಹೆತ್ತವರಿಗೂ ತಿಳಿದಿರಬೇಕು.

ಈ ವಸ್ತುಗಳ ಗುಂಪಿಗೆ ‘ಸಾರ್ಮ್ಸ್’ ಎಂದು ಹೆಸರು. ಆಸ್ಟರಿನ್, ಲಿಗಾಂಡ್ರಾಲ್, ಟೆಸ್ಟೊಲೋನ್ ಮುಂತಾದವು ಇದಕ್ಕೆ ಸೇರುತ್ತವೆ. ಪುರುಷ ಹಾರ್ಮೋನಾದ ಟೆಸ್ಟೊಸ್ಟಿರಾನ್ ಸ್ನಾಯುವನ್ನು ಬೆಳೆಸುವ ಮಾರ್ಗದಲ್ಲಿಯೇ ಇವೂ ಕೆಲಸ ಮಾಡುತ್ತವೆ. ಕ್ಯಾನ್ಸರ್‌ನಂತಹ ಕಾಯಿಲೆಗಳಿಂದ ಸ್ನಾಯು ಕ್ಷಯಿಸಿದವರಿಗೆ ನೆರವಾಗಲೆಂದು ಇವುಗಳ ಸಂಶೋಧನೆ ನಡೆಯಿತು. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇವುಗಳಲ್ಲಿ ಒಂದನ್ನೂ ಔಷಧವೆಂದು ಅಂಗೀಕರಿಸಿಲ್ಲ.

ಇವು ಸ್ನಾಯುವನ್ನು ಬೆಳೆಸುವುದು ಸುಳ್ಳಲ್ಲ. 76 ಮಂದಿ ಆರೋಗ್ಯವಂತ ಪುರುಷರು ಪಾಲ್ಗೊಂಡ 21 ದಿನಗಳ ಪ್ರಯೋಗವೊಂದರಲ್ಲಿ, ದಿನಕ್ಕೆ 1 ಮಿಲಿಗ್ರಾಂ ಲಿಗಾಂಡ್ರಾಲ್ ಸೇವಿಸಿದವರ ಕೊಬ್ಬುರಹಿತ ತೂಕ ಸುಮಾರು 1.2 ಕಿಲೋ ಹೆಚ್ಚಿತು. ಜೊತೆಗೇ ಅವರ ದೇಹದ ಸ್ವಂತ ಟೆಸ್ಟೊಸ್ಟಿರಾನ್ ಇಳಿಯಿತು; ಒಳ್ಳೆಯ ಕೊಲೆಸ್ಟರಾಲ್ ಕೂಡ ಕುಗ್ಗಿತು. ಸೇವನೆ ನಿಂತ ಮೇಲೆ ಇವು ಸುಧಾರಿಸಿದವು. ಆದರೆ ಅದು ವೈದ್ಯರ ನಿಗಾದಲ್ಲಿ ನಡೆದ ಮೂರು ವಾರಗಳ ಮಾತು. ಹಲವು ಪಟ್ಟು ಪ್ರಮಾಣವನ್ನು ತಿಂಗಳುಗಟ್ಟಲೆ ನುಂಗುವವರಿಗೆ ಆ ಭರವಸೆಯಿಲ್ಲ. ಯಕೃತ್ತಿಗೆ ಹಾನಿ, ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯಗಳ ಬಗ್ಗೆ ಅದೇ ಆಡಳಿತವು 2017ರಲ್ಲಿಯೇ ಎಚ್ಚರಿಸಿದೆ.

ಸೀಸೆಯ ಮೇಲಿನ ಚೀಟಿಯನ್ನೂ ನಂಬುವಂತಿಲ್ಲ. ಅಂತರ್ಜಾಲದಲ್ಲಿ ಸಾರ್ಮ್ಸ್ ಎಂದು ಮಾರುತ್ತಿದ್ದ 44 ಉತ್ಪನ್ನಗಳನ್ನು 2017ರಲ್ಲಿ ಪರೀಕ್ಷಿಸಿದಾಗ, 23ರಲ್ಲಿ ಮಾತ್ರ ಆ ವಸ್ತು ಇತ್ತು. ನಮ್ಮ ನಾಡಿನ ಓಟಗಾರ್ತಿ, 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಅಶ್ವಿನಿ ಅಕ್ಕುಂಜಿಯವರು ಮರುವರ್ಷವೇ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಲುಕಿದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಿಂದ ಅದು ದೇಹ ಸೇರಿತೆಂಬುದು ಅವರ ವಾದವಾಗಿತ್ತು. ಆದರೂ ಎರಡು ವರ್ಷಗಳ ನಿಷೇಧ ತಪ್ಪಲಿಲ್ಲ. ಸಾರ್ಮ್ಸ್ ಕೂಡ 2008ರಿಂದ ಕ್ರೀಡೆಯಲ್ಲಿ ನಿಷಿದ್ಧ.

ಹುರುಳಿಕಾಳಿನ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕಡಲೆಕಾಯಿ, ಅವರೆ, ಹಾಲು, ಮೊಸರುಗಳು ಸೇರಿದರೆ ಸಸ್ಯಾಹಾರದಿಂದಲೇ ವ್ಯಾಯಾಮಿಗೆ ಬೇಕಾದಷ್ಟು ಪ್ರೋಟೀನ್ ದೊರೆಯುತ್ತದೆ. ಇದರ ಜೊತೆಗೆ ಕ್ರಮಬದ್ಧ ಸಾಧನೆ, ಸಾಕಷ್ಟು ನಿದ್ರೆ ಹಾಗೂ ತಾಳ್ಮೆ ಇರಬೇಕು.

ಈಗಾಗಲೇ ಸೇವಿಸುತ್ತಿರುವವರು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈ ತುರಿಕೆ, ಹಸಿವು ಇಲ್ಲದಿರುವುದು ಕಂಡುಬಂದರೆ ಕಾಮಾಲೆಯ ನಾಟಿಮದ್ದಿಗೆಂದು ಅಲೆದಾಡದೆ ಆಸ್ಪತ್ರೆಗೆ ತೆರಳಬೇಕು. ಸೀಸೆಯನ್ನು ಜೊತೆಗೆ ಒಯ್ದು, ತಿಂದದ್ದನ್ನು ಮುಚ್ಚಿಡದೆ ಹೇಳಬೇಕು. ಮಗನನ್ನು ಗದರಿಸುವ ಮುನ್ನ ಸಮಾಧಾನದಿಂದ ಕೇಳಿರೆಂದು ಹೆತ್ತವರಲ್ಲಿ ನಾವು ವಿನಂತಿಸುತ್ತೇವೆ. ಗದರಿದರೆ ಸೀಸೆ ಅಡಗೀತು; ಕಾಯಿಲೆ ಅಡಗದು.