ಹೃದಯದ ಕಿರಿದಾದ ಬಾಗಿಲು

ಕೋಲಾರದಿಂದ ಪೂರ್ವಕ್ಕೆ ಹೊರಟರೆ ದೊರೆಯುವ ಮುಳಬಾಗಿಲಿಗೆ ‘ಮೂಡಲ ಬಾಗಿಲು’ ಎಂಬುದರಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ನಾಡಿಗೆ ಬಾಗಿಲಿದ್ದಂತೆ ನಮ್ಮ ಹೃದಯಕ್ಕೂ ನಾಲ್ಕು ಬಾಗಿಲುಗಳಿವೆ. ಅವಕ್ಕೆ ಕವಾಟಗಳೆಂದು ಹೆಸರು. ಶುದ್ಧರಕ್ತವು ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ಹೊರಬೀಳುವೆಡೆಯಲ್ಲಿರುವ ಕವಾಟವನ್ನು ಕುರಿತು ಇಲ್ಲಿ ವಿಚಾರ ಮಾಡೋಣ.

ಮಾಲೂರು, ಶ್ರೀನಿವಾಸಪುರಗಳ ಕಡೆ ತೆರೆದ ಬಾವಿಗೆ ಪಂಪು ಹೂಡಿದ್ದವರು ಫುಟ್‌ವಾಲ್ವನ್ನು ಬಲ್ಲರು. ನೀರನ್ನು ಮೇಲಕ್ಕೆ ಬಿಟ್ಟು, ಹಿಂದಕ್ಕೆ ಬಿಡದಿರುವುದೇ ಅದರ ಕೆಲಸ. ಈ ಕವಾಟದ ಕೆಲಸವೂ ಅದೇ. ಆದರೆ ಪಂಪನ್ನು ನಿಲ್ಲಿಸಿ ರಿಪೇರಿ ಮಾಡಬಹುದು, ಹೃದಯಕ್ಕೆ ಬಿಡುವೆಲ್ಲಿ? ನಿಮಿಷಕ್ಕೆ 72 ಸಲ ಮಿಡಿದರೂ ದಿನಕ್ಕೆ 1,03,680 ಸಲ ಈ ಬಾಗಿಲು ತೆರೆದು ಮುಚ್ಚಬೇಕು.

ಸಾಮಾನ್ಯವಾಗಿ ಇದಕ್ಕೆ ಅರ್ಧಚಂದ್ರಾಕಾರದ ಮೂರು ದಳಗಳುಂಟು. ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ, ಗರ್ಭದಲ್ಲಿ ದಳಗಳು ಸರಿಯಾಗಿ ಬೇರ್ಪಡದೆ, ಹುಟ್ಟಿನಿಂದಲೇ ಎರಡಿರುತ್ತವೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ಲಿಯೊನಾರ್ಡೊ ಡ ವಿಂಚಿಯು ಸುಮಾರು ಐದು ಶತಮಾನಗಳ ಹಿಂದೆಯೇ ಇಂಥ ಕವಾಟದ ಚಿತ್ರ ಬರೆದಿದ್ದನು.

ಎರಡು ದಳಗಳಿಂದ ಕೇಡೇನು? ಮೂರು ದಳಗಳು ಹೊರಬೇಕಾದ ಭಾರವನ್ನು ಎರಡೇ ಹೊರಬೇಕು. ಅವು ಪೂರ್ತಿಯಾಗಿ ತೆರೆಯಲಾರದೆ ಸುಕ್ಕುಗಟ್ಟುತ್ತವೆ. ನೇರವಾಗಿ ಹರಿಯಬೇಕಾದ ರಕ್ತ ಸುಳಿಸುಳಿಯಾಗಿ ನುಗ್ಗಿ ದಳಗಳನ್ನು ಸವೆಸುತ್ತದೆ. ಗಾಯಗೊಂಡ ದಳದ ಜೀವಕೋಶಗಳು ಕ್ರಮೇಣ ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗಿ, ಸುಣ್ಣದ ಅಂಶ ಅಲ್ಲಿ ಸಂಚಯವಾಗುತ್ತದೆ. ನಮ್ಮ ಜಿಲ್ಲೆಯ ಗಡುಸು ನೀರು ಪಾತ್ರೆಯಲ್ಲಿ ಬಿಳಿಯ ಹೊರೆ ಕಟ್ಟುವುದನ್ನು ಕಂಡವರು ಎರಡಕ್ಕೂ ನಂಟು ಹಚ್ಚಬಾರದು. ಇದು ಕುಡಿದ ನೀರಿನ ಸುಣ್ಣವಲ್ಲ, ದೇಹವೇ ನಡೆಸುವ ಕ್ರಿಯೆ. ಮೂರು ದಳದವರಲ್ಲಿ ಎಪ್ಪತ್ತು ಎಂಬತ್ತರ ವಯಸ್ಸಿನಲ್ಲಿ ಬರುವ ಸಂಕೋಚ ಇವರಲ್ಲಿ ಐವತ್ತು ಅರವತ್ತರಲ್ಲಿಯೇ, ಕೆಲವರಲ್ಲಿ ಇನ್ನೂ ಮುಂಚೆಯೇ ತಲೆದೋರುತ್ತದೆ. ದಳಗಳು ತೀರ ಕೂಡಿಕೊಂಡಿದ್ದರೆ ಹಸುಳೆಗೇ ಅಪಾಯ. ರುಮ್ಯಾಟಿಕ್ ಜ್ವರದಿಂದಲೂ ಕವಾಟ ಕಿರಿದಾಗಬಲ್ಲದು. ಅದರ ಕಥೆ ಬೇರೆ.

ಆರೋಗ್ಯವಂತ ವಯಸ್ಕರಲ್ಲಿ ಈ ಬಾಗಿಲಿನ ವಿಸ್ತಾರ ಮೂರು ನಾಲ್ಕು ಚದರ ಸೆಂಟಿಮೀಟರು. ಒಂದಕ್ಕಿಂತ ಕಡಿಮೆಯಾದರೆ ಸಂಕೋಚ ತೀವ್ರವೆಂದು ಎಣಿಕೆ. ಆಗ ಮಹಾಪಧಮನಿಯಲ್ಲಿ 120 ಮಿಲಿಮೀಟರು ಪಾದರಸದ ಒತ್ತಡ ಉಂಟಾಗಬೇಕಾದರೆ ಹೃತ್ಕುಕ್ಷಿ 180, 200ರ ಒತ್ತಡವನ್ನೂ ಹುಟ್ಟಿಸಬೇಕಾದೀತು. ಗರಡಿಯ ಆಳಿನ ತೋಳಿನಂತೆ ಅದರ ಗೋಡೆ ದಪ್ಪವಾಗುತ್ತದೆ. ಇದು ಮೋಸದ ಬಲ: ವರ್ಷಗಟ್ಟಲೆ ರೋಗಿಗೆ ಏನೂ ತೋರದು. ಕೊನೆಗೆ ಶ್ರಮಪಟ್ಟಾಗ ಎದೆನೋವು, ಏದುಸಿರು, ಮೂರ್ಛೆ ಕಾಣಿಸುತ್ತವೆ. ಇವು ಕಂಡಮೇಲೂ ಕವಾಟವನ್ನು ಸರಿಪಡಿಸದಿದ್ದರೆ ಬಹುಮಂದಿಗೆ ಉಳಿಯುವ ಆಯುಸ್ಸು ಎರಡರಿಂದ ಐದು ವರ್ಷ ಮಾತ್ರ. ಆದ್ದರಿಂದ ಮೈದಾನದಲ್ಲಿ ಓಡುತ್ತಿದ್ದ ಹುಡುಗನು ಕುಸಿದುಬಿದ್ದರೆ ‘ಬಿಸಿಲಿಗೆ ತಲೆ ತಿರುಗಿತು’ ಎಂದು ನೀರು ಚಿಮುಕಿಸಿ ಮನೆಗೆ ಕಳುಹುವುದು ಸಾಲದೆಂದು ನಮ್ಮ ಅಭಿಪ್ರಾಯ.

ಪತ್ತೆಮಾಡುವುದು ಕಷ್ಟವಲ್ಲ. ಕಿರಿದಾದ ಬಾಗಿಲಲ್ಲಿ ನುಗ್ಗುವ ರಕ್ತದ ಮರ್ಮರ ಧ್ವನಿ ಸ್ಟೆತಸ್ಕೋಪಿಗೆ ಕೇಳಿಸುತ್ತದೆ. ಶ್ರವಣಾತೀತ ಧ್ವನಿಯ ‘ಎಕೋ’ ಪರೀಕ್ಷೆ ದಳಗಳನ್ನೇ ತೆರೆಯ ಮೇಲೆ ತೋರಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಗೆ ಜನ್ಮಜಾತ ಹೃದ್ರೋಗವೂ ಸೇರಿದೆ.

ಸಂಕೋಚ ತೀವ್ರವಾದಾಗ ಔಷಧಿಯಿಂದ ಬಾಗಿಲು ಅಗಲವಾಗದು. ಎಳೆಯರಲ್ಲಿ ಬಲೂನಿನಿಂದ ಹಿಗ್ಗಿಸುವುದುಂಟು. ದೊಡ್ಡವರಲ್ಲಿ ಕವಾಟವನ್ನೇ ಬದಲಾಯಿಸಬೇಕು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ನಿರ್ಮಿತವಾದ ಭಾರತೀಯ ಕೃತಕ ಕವಾಟವನ್ನು 1990ರಲ್ಲಿ ಮೊದಲು ರೋಗಿಗೆ ಜೋಡಿಸಲಾಯಿತು. ಇಂಥ ಯಾಂತ್ರಿಕ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ಮಾತ್ರೆ ನುಂಗಬೇಕು. 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೆ ಎದೆ ಸೀಳದೆ, ರಕ್ತನಾಳದ ಮೂಲಕವೇ ಕವಾಟವನ್ನು ಕೂರಿಸಿ ತೋರಿಸಿದನು.

ಕೋಲಾರದ ಕಡೆಯವರಿಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಇದೆ. ಮಾಲೂರಿನ ರೈಲುಮಾರ್ಗದಲ್ಲಿಯೇ ಸಿಕ್ಕುವ ವೈಟ್‌ಫೀಲ್ಡಿನಲ್ಲಿ, 2001ರಲ್ಲಿ ಆರಂಭವಾದ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹಣ ಪಡೆಯದೆ ಹೃದಯದ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಈ ದೋಷ ವಂಶದಲ್ಲಿ ಮರುಕಳಿಸಬಹುದಾದ್ದರಿಂದ, ರೋಗಿಯ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆಗೆ ಕರೆತರುವಂತೆ ವೈದ್ಯರು ಹೇಳುತ್ತಾರೆ.