ಪಂಪುಮನೆಗೊಂದು ಮೀಟರು: ಕೊಳ್ಳುವ ಮುನ್ನ ನೋಡಬೇಕಾದದ್ದು

ದಾಂಡೇಲಿಯ ಮಗ್ಗುಲಿನ ಕೋಗಿಲಬನವಿರಲಿ, ಹಳಿಯಾಳದ ಕಬ್ಬಿನ ಹೊಲಗಳಿರಲಿ, ಜೊಯಿಡಾದ ಅಡಿಕೆ ತೋಟ, ಮುಂಡಗೋಡದ ಭತ್ತದ ಗದ್ದೆಗಳಿರಲಿ, ವಿದ್ಯುತ್ತಿಲ್ಲದೆ ನಡೆಯುವ ಒಕ್ಕಲುತನ ಇಂದು ಅಪರೂಪ. ಮನೆಯಲ್ಲಿ ದೀಪ, ಮಿಕ್ಸರು, ಇನ್ವರ್ಟರು. ಬಾವಿಯ ದಂಡೆಯಲ್ಲಿ ಪಂಪುಸೆಟ್ಟು. ಹೊಲ ಕಾಡಿನಂಚಿನಲ್ಲಿದ್ದರೆ ಆನೆಗಳ ಹಾವಳಿ ತಡೆಯಲು ಸೌರ ಬೇಲಿ. ಇವುಗಳಲ್ಲಿ ಯಾವುದು ನಿಂತರೂ ರೈತರು ಮೊದಲು ಹುಡುಕುವುದು ಜೇಬಿನ ಟೆಸ್ಟರನ್ನು. ತಂತಿಗೆ ತಾಗಿಸಿದಾಗ ಕೆಂಪು ದೀಪ ಹೊತ್ತಿದರೆ ಕರೆಂಟು ಇದೆ, ಹೊತ್ತದಿದ್ದರೆ ಇಲ್ಲ. ಇದೇ ಹೆಚ್ಚಿನವರ ಪರೀಕ್ಷೆ.

ಈ ಪರೀಕ್ಷೆ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೂರು ಫೇಸಿನ ಮೋಟಾರು ಓಡುತ್ತಿರುವಾಗ ಒಂದು ಫೇಸು ಕಡಿಯಿತೆನ್ನಿ. ಮೋಟಾರು ಕೂಡಲೇ ನಿಲ್ಲುವುದಿಲ್ಲ. ಗುಂಯ್‌ಗುಡುತ್ತ, ಬಿಸಿಯಾಗುತ್ತ ಉಳಿದೆರಡು ಫೇಸುಗಳ ಮೇಲೆ ತಿರುಗುತ್ತಲೇ ಇರುತ್ತದೆ. ತಿರುಗುತ್ತಿರುವ ಮೋಟಾರು ತಾನೇ ಆ ಸತ್ತ ತಂತಿಯಲ್ಲಿ ವೋಲ್ಟೇಜು ಹುಟ್ಟಿಸುವುದರಿಂದ ಅದಕ್ಕೂ ಟೆಸ್ಟರು ದೀಪ ಹೊತ್ತಿಸಿ ತೋರಿಸುತ್ತದೆ. ಮೂರೂ ಫೇಸು ಇವೆಯೆಂದು ರೈತರು ಹಿಂತಿರುಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸುತ್ತು ಸುಟ್ಟ ವಾಸನೆ ಬರುತ್ತದೆ. ಕಡಿಮೆ ವೋಲ್ಟೇಜಿನ ಮಾತೂ ಹಾಗೆಯೇ. ನಿಯಾನ್ ದೀಪ ನೂರು ವೋಲ್ಟಿಗೂ ಹೊತ್ತುತ್ತದೆ, ಇನ್ನೂರ ಮೂವತ್ತಕ್ಕೂ ಹೊತ್ತುತ್ತದೆ. ಎಷ್ಟು ಇದೆ ಎಂಬುದನ್ನು ಅದು ಹೇಳಲಾರದು.

ನಾಗಝರಿಯ ವಿದ್ಯುದಾಗಾರವೂ ಸೂಪಾ ಅಣೆಕಟ್ಟೂ ಈ ಸೀಮೆಯಲ್ಲಿಯೇ ಇದ್ದರೂ, ಕಾಡಿನ ನಡುವೆ ದೂರಕ್ಕೆ ಎಳೆದ ತಂತಿಯ ಕೊನೆಯ ಪಂಪುಮನೆಗೆ ವೋಲ್ಟೇಜು ಕುಸಿದೇ ತಲುಪುತ್ತದೆ. ಕಾಳಿ ನದಿ ಹತ್ತಿರವಿದ್ದ ಮಾತ್ರಕ್ಕೆ ತಂತಿಯ ಉದ್ದ ಕಡಿಮೆಯಾಗುವುದಿಲ್ಲವಷ್ಟೆ! ಮೋಟಾರಿನ ಎಳೆಯುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ವೋಲ್ಟೇಜು ಐದರಲ್ಲೊಂದು ಪಾಲು ಕಡಿಮೆಯಾದರೆ ಬಲ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ಹೊರೆ ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ಅಂಕೆಯಲ್ಲಿ ಅಳೆದು ತೋರಿಸುವ ಮೀಟರೊಂದು ಪ್ರತಿ ಪಂಪುಸೆಟ್ಟಿನ ಮಾಲಿಕರಲ್ಲಿ ಇರುವುದು ಅವಶ್ಯ.

ವೋಲ್ಟೇಜು, ಕರೆಂಟು, ಪ್ರತಿರೋಧ ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಅಳೆಯುವ ಉಪಕರಣವೇ ಮಲ್ಟಿಮೀಟರು. 1923ರಲ್ಲಿ ಇಂಗ್ಲೆಂಡಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿಯವರ ಯೋಜನೆಯಂತೆ ತಯಾರಾದ ಆವೊ ಮೀಟರು ಇದರ ಮೂಲ. ಆಂಪೇರ್, ವೋಲ್ಟ್, ಓಮ್ ಎಂಬ ಮೂರು ಹೆಸರುಗಳ ಮೊದಲ ಅಕ್ಷರಗಳಿಂದ ಆ ಹೆಸರು ಬಂತು. ಈಗ ಮುಳ್ಳಿನ ಮೀಟರುಗಳ ಜಾಗವನ್ನು ಅಂಕೆ ತೋರಿಸುವ ಡಿಜಿಟಲ್ ಮೀಟರುಗಳು ಹಿಡಿದಿವೆ. ರೈತರಿಗೆ ಇವೇ ಅನುಕೂಲ. ಓದುವುದು ಸುಲಭ, ಕೈಜಾರಿ ಬಿದ್ದರೂ ಮುಳ್ಳು ಬಾಗುವ ಭಯವಿಲ್ಲ.

ಅಗ್ಗದ ಮೀಟರಿನ ಅಪಾಯ

ಸಂತೆಯಲ್ಲೂ ರೇಡಿಯೋ ರಿಪೇರಿಯ ಅಂಗಡಿಯಲ್ಲೂ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಪುಟ್ಟ ಹಳದಿ ಮೀಟರು ಎಲ್ಲರಿಗೂ ಪರಿಚಿತ. ಅದು ಲೆಕ್ಕ ತಪ್ಪಾಗಿ ತೋರಿಸುತ್ತದೆ ಎಂಬ ದೂರು ಅಷ್ಟು ಸರಿಯಲ್ಲ. ಬ್ಯಾಟರಿ, ಟಾರ್ಚು, ರೇಡಿಯೋ ಮುಂತಾದವುಗಳಿಗೆ ಅದರ ಲೆಕ್ಕ ಸಾಕು. ತೊಂದರೆ ಇರುವುದು ಅದರ ಮೈಯಲ್ಲಿ. ತೆಳು ತಂತಿ, ಸಡಿಲ ಮೊನೆ, ಒಳಗೆ ಗಾಜಿನ ಫ್ಯೂಸು. ಹತ್ತು ಆಂಪೇರಿನ ರಂಧ್ರಕ್ಕಂತೂ ಅನೇಕ ವೇಳೆ ಫ್ಯೂಸೇ ಇರುವುದಿಲ್ಲ.

ಇದು ಏಕೆ ಮುಖ್ಯವೆಂದರೆ, ಮಲ್ಟಿಮೀಟರಿನಿಂದ ಆಗುವ ಅಪಘಾತಗಳಲ್ಲಿ ಸಾಮಾನ್ಯವಾದದ್ದು ಈ ರಂಧ್ರದಿಂದಲೇ ಆಗುತ್ತದೆ. ಕರೆಂಟು ಅಳೆಯಲೆಂದು ಕೆಂಪು ತಂತಿಯನ್ನು ಆಂಪೇರಿನ ರಂಧ್ರಕ್ಕೆ ಸಿಕ್ಕಿಸಿರುತ್ತಾರೆ. ಮರುದಿನ ಅದನ್ನು ಮರೆತು ವೋಲ್ಟೇಜು ನೋಡಲು ಸ್ಟಾರ್ಟರಿನ ಎರಡು ಫೇಸುಗಳಿಗೆ ಮೊನೆ ಒತ್ತುತ್ತಾರೆ. ಆಂಪೇರಿನ ದಾರಿಯೆಂದರೆ ಒಳಗೆ ಬರಿಯ ದಪ್ಪ ತಂತಿಯ ತುಂಡು. ಎರಡು ಫೇಸುಗಳ ನಡುವೆ ಕಬ್ಬಿಣದ ಸಲಾಕೆ ಇಟ್ಟಂತೆಯೇ ಆಯಿತು. ಫ್ಯೂಸು ಇಲ್ಲದ ಮೀಟರು ಕೈಯಲ್ಲೇ ಸಿಡಿಯುತ್ತದೆ. ಗಾಜಿನ ಫ್ಯೂಸು ಇದ್ದರೂ ಭರವಸೆ ಸಾಲದು, ಏಕೆಂದರೆ ಅದರ ಮಿತಿ ಸಾಮಾನ್ಯವಾಗಿ 250 ವೋಲ್ಟು, ಪಂಪುಮನೆಯಲ್ಲಿರುವುದು 415. ಫ್ಯೂಸಿನ ತಂತಿ ಕರಗಿದ ಮೇಲೂ ಕಿಡಿ ನಿಲ್ಲದೆ ಗಾಜು ಒಡೆಯುತ್ತದೆ. ಮುಖ, ಕಣ್ಣು, ಬೆರಳು ಸುಟ್ಟುಕೊಳ್ಳುವುದು ಹೀಗೆ.

ಮೀಟರಿನ ಮೇಲೆ ಯಾವ ಗುರುತು ಬೇಕು?

ಮೀಟರನ್ನು ಎಲ್ಲಿ ತಾಗಿಸಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ದರ್ಜೆಗಳಿವೆ. ರಂಧ್ರಗಳ ಪಕ್ಕದಲ್ಲಿ 'ಕ್ಯಾಟ್' ಎಂಬ ಇಂಗ್ಲಿಷ್ ಅಕ್ಷರಗಳೂ ರೋಮನ್ ಅಂಕೆಯೂ ಅಚ್ಚಾಗಿರುತ್ತವೆ. ಎರಡು ಗೆರೆ ಇದ್ದರೆ ಎರಡನೆಯ ದರ್ಜೆ. ಗೋಡೆಯ ಸಾಕೆಟ್ಟಿಗೆ ಚುಚ್ಚಿ ನಡೆಸುವ ಮಿಕ್ಸರು, ಟೀವಿಗಳ ಮಟ್ಟಿಗೆ ಅದು ಸಾಕು. ಮೂರು ಗೆರೆ ಎಂದರೆ ಮೂರನೆಯ ದರ್ಜೆ. ಮನೆಯ ಮೇನ್ ಬೋರ್ಡು, ಪಂಪಿನ ಸ್ಟಾರ್ಟರು, ಸ್ಥಿರವಾಗಿ ಕೂರಿಸಿದ ಮೋಟಾರು ಇವೆಲ್ಲ ಈ ದರ್ಜೆಗೆ ಸೇರಿದವು. ಕಂಬದಿಂದ ವಿದ್ಯುತ್ ಮೀಟರಿನವರೆಗಿನ ಭಾಗ ನಾಲ್ಕನೆಯದು. ಅಲ್ಲಿ ರೈತರು ಕೈಹಾಕಲೇಬಾರದು, ಅದು ಹೆಸ್ಕಾಂನ ಲೈನ್‌ಮನ್ನರ ಕೆಲಸ. ಟಿ.ಸಿ.ಯ ಫ್ಯೂಸು ಹೋದಾಗ ಕೋಲು ಹಿಡಿದು ತಾವೇ ಹೊರಡುವ ರೂಢಿ ಕೆಲವು ಊರುಗಳಲ್ಲಿದೆ. ಯಾವ ಮೀಟರೂ ಅಂಥವರನ್ನು ಕಾಯಲಾರದು.

ಪಂಪುಸೆಟ್ಟು ಇರುವ ಮನೆಗೆ ಮೂರನೆಯ ದರ್ಜೆ, 600 ವೋಲ್ಟು ಎಂಬ ಗುರುತಿಗಿಂತ ಕಡಿಮೆಯದು ಬೇಡ. ಈ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದಾದ್ದರಿಂದ ಕಣ್ಣಿನಿಂದಲೂ ಪರೀಕ್ಷಿಸಬೇಕು. ತಂತಿಗಳು ದಪ್ಪಗಿದ್ದು ಅವುಗಳ ಮೇಲೂ ಅದೇ ದರ್ಜೆ ಬರೆದಿರಬೇಕು. ಮೊನೆಯ ಹಿಡಿಯಲ್ಲಿ ಬೆರಳು ಜಾರದಂತೆ ತಡೆಯುವ ಉಬ್ಬು ಇರಬೇಕು. ಅಂಗಡಿಯವರು ಒಪ್ಪಿದರೆ ಹಿಂದಿನ ಮುಚ್ಚಳ ತೆಗೆಸಿ ಫ್ಯೂಸು ನೋಡುವುದು ಮೇಲು: ಒಳಗೆ ಮರಳು ತುಂಬಿದ ಪಿಂಗಾಣಿಯ ಫ್ಯೂಸು ಇದ್ದು, ಅದರ ಮೇಲೆ 500 ಅಥವಾ 600 ವೋಲ್ಟು ಎಂದಿದ್ದರೆ ತಯಾರಕರು ಉಳಿತಾಯಕ್ಕಾಗಿ ಕೈಬಿಗಿ ಹಿಡಿದಿಲ್ಲವೆಂದು ತಿಳಿಯಬಹುದು. ಇಂಥ ಮೀಟರಿಗೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ ಬೀಳುತ್ತದೆ. ಕೊಳ್ಳುವಾಗ ಬಿಲ್ಲು ಕೇಳಿ ಪಡೆಯಬೇಕು.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಂತಿ ಕಡಿದಿದೆಯೇ ಎಂದು ಶಬ್ದ ಮಾಡಿ ಹೇಳುವ ಬಜರು ಬೇಕೇಬೇಕು. ಕತ್ತಲ ಪಂಪುಮನೆಯಲ್ಲಿ ಓದಲು ಪರದೆಗೆ ಬೆಳಕಿದ್ದರೆ ಒಳ್ಳೆಯದು. ವ್ಯಾಪ್ತಿಯನ್ನು ತಾನೇ ಆರಿಸಿಕೊಳ್ಳುವ ಮೀಟರಾದರೆ ಮನೆಯಲ್ಲಿ ಹೊಸಬರೂ ಬಳಸಬಹುದು. ಟ್ರಾನ್ಸಿಸ್ಟರು ಪರೀಕ್ಷೆಯಂಥವು ಪೆಟ್ಟಿಗೆಯ ಮೇಲಿನ ಅಲಂಕಾರ.

ಇಲ್ಲಿ ಇನ್ನೊಂದು ಮಾತನ್ನು ಪರಿಶೀಲಿಸಬೇಕು. ಅದೇ ಕ್ರಯಕ್ಕೆ ಕ್ಲ್ಯಾಂಪ್ ಮೀಟರು ಎಂಬುದೂ ಸಿಗುತ್ತದೆ. ಇದರ ಬಾಯಿಯನ್ನು ತೆರೆದು ಒಂದು ತಂತಿಯನ್ನು ಒಳಗಿಟ್ಟರೆ, ತಂತಿ ಕಡಿಯದೆ, ಮುಟ್ಟದೆ, ಎಷ್ಟು ಆಂಪೇರ್ ಹರಿಯುತ್ತಿದೆ ಎಂದು ತೋರಿಸುತ್ತದೆ. ವೋಲ್ಟೇಜು, ಪ್ರತಿರೋಧ, ಬಜರು ಎಲ್ಲ ಇದರಲ್ಲೂ ಉಂಟು. ಇಂಥ ಹೆಚ್ಚಿನ ಮೀಟರುಗಳಲ್ಲಿ ಮೇಲೆ ಹೇಳಿದ ಆಂಪೇರಿನ ರಂಧ್ರವೇ ಇರುವುದಿಲ್ಲವಾದ್ದರಿಂದ ಆ ಮರೆವಿನ ಅಪಘಾತಕ್ಕೆ ಅವಕಾಶವೂ ಇಲ್ಲ. ಒಂದೇ ಮೀಟರು ಕೊಳ್ಳಲು ಹಣವಿರುವ ಪಂಪುಸೆಟ್ಟಿನ ಮಾಲಿಕರು ಮೂರನೆಯ ದರ್ಜೆಯ ಕ್ಲ್ಯಾಂಪ್ ಮೀಟರನ್ನೇ ಆರಿಸುವುದು ಹೆಚ್ಚು ಲಾಭಕರ. ಐದು ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7ರಿಂದ 9 ಆಂಪೇರ್ ಎಳೆಯುತ್ತದೆ; ಸರಿಯಾದ ಅಂಕೆ ಮೋಟಾರಿನ ಫಲಕದ ಮೇಲಿರುತ್ತದೆ. ಬಾವಿ ಬತ್ತಿ ಪಂಪು ಒಣಗಿ ಓಡುತ್ತಿದ್ದರೆ ಓದು ತಗ್ಗುತ್ತದೆ. ಬೇರಿಂಗು ಹಿಡಿದರೆ ಏರುತ್ತದೆ. ಮೂರು ತಂತಿಗಳಲ್ಲಿ ಒಂದು ಸೊನ್ನೆ ತೋರಿಸಿ ಉಳಿದೆರಡು ಏರಿದ್ದರೆ ಒಂದು ಫೇಸು ಹೋಗಿದೆ, ಕೂಡಲೇ ಮೋಟಾರು ನಿಲ್ಲಿಸಬೇಕು. ಮೂರೂ ತಂತಿಗಳನ್ನು ಒಟ್ಟಿಗೆ ಬಾಯೊಳಗಿಟ್ಟು ಸೊನ್ನೆ ಬಂತೆಂದು ಮೀಟರನ್ನು ದೂರುವವರಿದ್ದಾರೆ. ಒಂದೊಂದೇ ತಂತಿಯನ್ನು ಇಡಬೇಕು.

ಅಳೆಯುವ ಕ್ರಮ

ಪ್ರತಿ ಸಲವೂ ಮೊದಲು ಕರೆಂಟು ಇರುವುದು ಖಚಿತವಾದ ಸಾಕೆಟ್ಟಿಗೆ ತಾಗಿಸಿ ಮೀಟರು ಸರಿಯಾಗಿದೆಯೇ ನೋಡಬೇಕು. ನಂತರ ಬೇಕಾದ ಜಾಗ ಅಳೆದು, ಮತ್ತೆ ಅದೇ ಸಾಕೆಟ್ಟಿಗೆ ಬರಬೇಕು. ಮೀಟರಿನ ತಂತಿಯೇ ಕಡಿದು ಸೊನ್ನೆ ತೋರಿಸಿದ್ದನ್ನು ನಂಬಿ ಬರಿಗೈಯಲ್ಲಿ ತಂತಿ ಹಿಡಿಯುವ ಪ್ರಸಂಗ ಇದರಿಂದ ತಪ್ಪುತ್ತದೆ.

ಮನೆಯ ಸಾಕೆಟ್ಟನ್ನು ಎದುರಿಗೆ ನಿಂತು ನೋಡಿದಾಗ ಬಲದ ತೂತು ಫೇಸು, ಎಡದ್ದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ಥಿಂಗು. ಗುಂಡಿಯನ್ನು ಏ.ಸಿ. ವೋಲ್ಟಿಗೆ ತಿರುಗಿಸಿ ಫೇಸು ಮತ್ತು ನ್ಯೂಟ್ರಲ್ ನಡುವೆ ನೋಡಿದರೆ 230ರ ಆಸುಪಾಸು, ಅಂದರೆ 207ರಿಂದ 253ರೊಳಗೆ ಇರಬೇಕು. ಫೇಸು ಮತ್ತು ಅರ್ಥಿಂಗಿನ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬಾರದಿದ್ದರೆ ಅರ್ಥಿಂಗು ತಂತಿ ಕಡಿದಿದೆ ಎಂದರ್ಥ. ಬಂದ ಮಾತ್ರಕ್ಕೆ ಅರ್ಥಿಂಗು ಗಟ್ಟಿಯಾಗಿದೆ ಎಂದೂ ಹೇಳಲಾಗದು. ಅದನ್ನು ಅಳೆಯುವ ಉಪಕರಣ ಬೇರೆ.

ಪಂಪುಮನೆಯಲ್ಲಿ ಮೋಟಾರು ನಿಂತಿರುವಾಗಲೇ ಸ್ಟಾರ್ಟರಿಗೆ ಬರುವ ಮೂರು ಫೇಸುಗಳನ್ನು ಜೋಡಿ ಜೋಡಿಯಾಗಿ ಅಳೆಯಬೇಕು. ಮೂರು ಜೋಡಿಯೂ 415ರ ಹತ್ತಿರವಿದ್ದು, ಅವುಗಳ ನಡುವಿನ ಅಂತರ 10-12 ವೋಲ್ಟು ಮೀರದಿದ್ದರೆ ಒಳ್ಳೆಯದು. 375ಕ್ಕಿಂತ ಕೆಳಗಿದ್ದರೆ ಮೋಟಾರು ಚಾಲೂ ಮಾಡಬಾರದು. ಒಂದು ಜೋಡಿ ಮಾತ್ರ 415 ಇದ್ದು ಉಳಿದೆರಡು 230ರ ಸುತ್ತ ಇಲ್ಲವೆ ಅದಕ್ಕೂ ಕೆಳಗೆ ತೂಗಾಡುತ್ತಿದ್ದರೆ ಒಂದು ಫೇಸು ಇಲ್ಲ. ನಂತರ ಮೋಟಾರು ಓಡಿಸಿ ಇನ್ನೊಮ್ಮೆ ನೋಡಬೇಕು. ನಿಂತಾಗ 410 ಇದ್ದದ್ದು ಓಡುವಾಗ 350ಕ್ಕೆ ಕುಸಿದರೆ ತಂತಿ ತೆಳುವಾಗಿದೆ ಅಥವಾ ಎಲ್ಲೋ ಗಂಟು ಸಡಿಲಾಗಿದೆ. ಸ್ಟಾರ್ಟರಿಗೆ ಬರುವ ಕಡೆ ಸರಿಯಿದ್ದು ಹೊರಡುವ ಕಡೆ ಕಡಿಮೆಯಿದ್ದರೆ ಸ್ಟಾರ್ಟರಿನ ಕಾಂಟ್ಯಾಕ್ಟುಗಳು ಸುಟ್ಟಿವೆ.

ಡಿಜಿಟಲ್ ಮೀಟರಿನ ಒಂದು ಚೇಷ್ಟೆಯನ್ನು ತಿಳಿದಿರಬೇಕು. ಬಾವಿಯವರೆಗೆ ಜೊತೆಜೊತೆಯಾಗಿ ಎಳೆದ ತಂತಿಗಳಲ್ಲಿ ಒಂದು ಕಡಿದಿದ್ದರೂ ಅದರ ಮೇಲೆ 40, 60, ಕೆಲವೊಮ್ಮೆ 90 ವೋಲ್ಟು ತೋರಿಸುತ್ತದೆ. ಪಕ್ಕದ ತಂತಿಯ ಪ್ರಭಾವದಿಂದ ಬಂದ ಹುಸಿ ವೋಲ್ಟೇಜು ಇದು. ಒಳ್ಳೆಯ ಮೀಟರು ತಂತಿಯಿಂದ ಎಳೆದುಕೊಳ್ಳುವ ಕರೆಂಟು ಅತ್ಯಲ್ಪವಾದ್ದರಿಂದ ಹುಸಿಯೂ ಅಳಿಯದೆ ಉಳಿಯುತ್ತದೆ. ಆದ್ದರಿಂದ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಹಳೆಯ ಬಲ್ಬನ್ನು ಎಸೆಯಬಾರದು. ಬಲ್ಬನ್ನು ಆ ತಂತಿ ಮತ್ತು ನ್ಯೂಟ್ರಲ್ ನಡುವೆ ಹಿಡಿದು, ಅದರ ತುದಿಗಳಲ್ಲೇ ಮೀಟರನ್ನೂ ಇಟ್ಟರೆ ಹುಸಿಯಾದದ್ದು ಸೊನ್ನೆಗೆ ಇಳಿಯುತ್ತದೆ. ಎರಡು ಫೇಸುಗಳ ನಡುವೆ ಮಾತ್ರ ಈ ಬಲ್ಬು ಹಿಡಿಯಕೂಡದು, ಒಡೆಯುತ್ತದೆ.

ಪ್ರತಿರೋಧ ಮತ್ತು ಬಜರಿನ ಪರೀಕ್ಷೆಗಳನ್ನು ಮೇನ್ ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ಮಾಡಬೇಕು. ಮೂರು ಫೇಸಿನ ಮೋಟಾರಿನ ಸುತ್ತುಗಳನ್ನು ಜೋಡಿಯಾಗಿ ಅಳೆದಾಗ ಮೂರೂ ಸಮವಾಗಿರಬೇಕು. ಕೆಲವೇ ಓಮ್‌ಗಳ ಓದು ಇದಾದ್ದರಿಂದ ಮೊದಲು ಮೊನೆಗಳೆರಡನ್ನೂ ಕೂಡಿಸಿ ಬಂದ ಅಂಕೆಯನ್ನು ಕಳೆಯಬೇಕು. ಸುತ್ತಿಗೂ ಮೋಟಾರಿನ ಮೈಗೂ ನಡುವಿನ ನಿರೋಧಕವನ್ನು ಈ ಮೀಟರು ನಂಬಿಕೆಗೆ ಅರ್ಹವಾಗಿ ಹೇಳಲಾರದು. ಒಳಗಿನ ಪುಟ್ಟ ಬ್ಯಾಟರಿಯ ಒತ್ತಡಕ್ಕೆ ಸರಿ ಕಂಡದ್ದು 230ಕ್ಕೆ ಸೋರಬಹುದು. ಜೊಯಿಡಾ, ದಾಂಡೇಲಿಗಳಂಥ ಮಳೆಯ ಸೀಮೆಯಲ್ಲಿ ನಾಲ್ಕು ತಿಂಗಳು ತೇವ ಕುಡಿದ ಮೋಟಾರನ್ನು ಮಳೆಗಾಲದ ನಂತರ ಚಾಲೂ ಮಾಡುವ ಮೊದಲು 500 ವೋಲ್ಟಿನ ಮೆಗ್ಗರಿನಿಂದ ಮೆಕ್ಯಾನಿಕ್ಕರ ಕೈಯಲ್ಲಿ ನೋಡಿಸಬೇಕು. ಒಂದು ಮೆಗಾ ಓಮಿಗಿಂತ ಕಡಿಮೆಯಿದ್ದರೆ ಒಣಗಿಸದೆ ಓಡಿಸಕೂಡದು.

ಸೌರ ಬೇಲಿಯಲ್ಲಿ

ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿ ಭತ್ತ ತೆನೆಗಟ್ಟುವ ಕಾಲಕ್ಕೆ ಬೇಲಿ ಸುಮ್ಮನಾದರೆ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಹೋಗುತ್ತದೆ. ಬೇಲಿ ಸುಮ್ಮನಾಗಲು ಸಾಮಾನ್ಯ ಕಾರಣ ಬ್ಯಾಟರಿ. ಗುಂಡಿಯನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ, ಬ್ಯಾಟರಿಯ ತಂತಿಗಳನ್ನು ಬಿಚ್ಚಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ಅಥವಾ ಮೇಲಿದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 11.8ಕ್ಕಿಂತ ಕೆಳಗೆ ಬರಿದು. ಬಿಸಿಲಿನಲ್ಲಿ ಚಾರ್ಜಾಗುತ್ತಿರುವಾಗ 13.5ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಫಲಕದ ತಂತಿ ಬಿಚ್ಚಿ ಅದನ್ನೇ ಅಳೆಯಬೇಕು. ಗುಂಡಿಯನ್ನು ಮೊದಲು 20ರಿಂದ 200ಕ್ಕೆ ಏರಿಸುವುದನ್ನು ಮರೆಯಬಾರದು. 12 ವೋಲ್ಟಿನ ವ್ಯವಸ್ಥೆಯ ಫಲಕ ಒಳ್ಳೆಯ ಬಿಸಿಲಿಗೆ ಹೊರೆಯಿಲ್ಲದೆ 20ರಿಂದ 22 ವೋಲ್ಟು ಕೊಡುತ್ತದೆ.

ಬೇಲಿಯ ತಂತಿಗೆ ಮಾತ್ರ ಮಲ್ಟಿಮೀಟರು ತಾಗಿಸಕೂಡದು. ಸೆಕೆಂಡಿಗೊಮ್ಮೆ ಬರುವ ಆ ಹೊಡೆತ ಹಲವು ಸಾವಿರ ವೋಲ್ಟಿನದು. 600 ವೋಲ್ಟಿನ ಮೀಟರು ಒಂದೇ ಹೊಡೆತಕ್ಕೆ ಕೆಡುತ್ತದೆ. ಅದಕ್ಕೆಂದೇ ಬೇಲಿಯ ವೋಲ್ಟ್‌ಮೀಟರು ಬೇರೆ ಸಿಗುತ್ತದೆ. ಬ್ಯಾಟರಿ ಸತ್ತಿತೆಂದು ಮನೆಯ 230 ವೋಲ್ಟನ್ನು ನೇರ ಬೇಲಿಗೆ ಕೊಡುವುದು ಕಾನೂನಿನಲ್ಲಿ ಅಪರಾಧ. ಅದರಿಂದ ಆನೆ ಮಾತ್ರವಲ್ಲ, ಬೆಳಗ್ಗೆ ಸೊಪ್ಪು ತರಲು ಹೋದ ಮನೆಯವರೂ ಸತ್ತಾರು.

ಕೊಂಡ ಮೀಟರನ್ನು ಪಂಪುಮನೆಯ ಗೂಟಕ್ಕೆ ನೇತುಹಾಕದೆ ಮನೆಯೊಳಗೆ ಮುಚ್ಚಳವಿರುವ ಡಬ್ಬಿಯಲ್ಲಿಡಬೇಕು. ಜೂನ್ ತಿಂಗಳಿಗೆ ಒಳಗಿನ ಬ್ಯಾಟರಿ ತೆಗೆದಿಟ್ಟರೆ ಅದು ಸೋರಿ ತುಕ್ಕು ಹಿಡಿಯುವುದು ತಪ್ಪುತ್ತದೆ. ಬ್ಯಾಟರಿ ಇಳಿದಾಗ ಪರದೆಯ ಮೂಲೆಯಲ್ಲಿ ಚಿಹ್ನೆ ಬರುತ್ತದೆ. ಆಮೇಲೆ ಬರುವ ಅಂಕೆಗಳನ್ನು ನಂಬಬಾರದು. ತಂತಿಯ ಹೊದಿಕೆ ಇಲಿ ಕಡಿದು ಸೀಳಿದ್ದರೆ ಟೇಪು ಸುತ್ತದೆ, ಅದೇ ದರ್ಜೆಯ ಹೊಸ ಜೋಡಿಯನ್ನು ಕೊಂಡು ಹಾಕಬೇಕು.